ವಿಜಯಪುರದ ಮಾಳಿಗೆ, ಕ್ಯಾಲ್ಸಿಯಂ 4227 ರೇಖೆ: ‘ಯು’ ಸಂಕೇತ ಎಲ್ಲಿಂದ ಬಂತು?

ವಿಜಯಪುರದ ಒಂದು ಪದವಿ ಕಾಲೇಜಿನ ಮಾಳಿಗೆ ಮೇಲೆ ಸೂರ್ಯನನ್ನು ಹಿಂಬಾಲಿಸುವ ಸಪಾಟು ಕನ್ನಡಿಯಿದೆ. ಅದು ಬೆಳಕನ್ನು ದಕ್ಷಿಣದ ಕತ್ತಲೆಕೋಣೆಗೆ ಕಳಿಸುತ್ತದೆ. ಕೋಣೆಯಲ್ಲಿ 50 ಮಿ.ಮೀ. ವ್ಯಾಸದ, 1000 ಮಿ.ಮೀ. ಸಂಗಮದೂರದ ಮಸೂರವಿದೆ. ಅದರ ಹಿಂದೆ ಧ್ರುವೀಕರಣ (ಬೆಳಕಿನ ಕಂಪನ ಒಂದು ದಿಕ್ಕಿನಲ್ಲಿ ಹೆಚ್ಚಿರುವುದು) ಅಳೆಯುವ ಜೋಡಣೆ, ಸ್ಲಿಟ್, ಒಂದು ಮೀಟರಿನ ಸ್ಪೆಕ್ಟ್ರೋಗ್ರಾಫ್. ಸ್ಲಿಟ್ಟನ್ನು ಸೂರ್ಯಬಿಂಬದ ಅಂಚಿಗೆ ಸಮಾಂತರವಾಗಿಟ್ಟು ಕ್ಯಾಲ್ಸಿಯಂನ 4226.73 ಆಂಗ್‌ಸ್ಟ್ರಾಮ್ ರೇಖೆಯನ್ನು ಹಿಡಿದಾಗ ಕ್ಯೂ/ಐ, ಅಂದರೆ ಅಂಚಿಗೆ ಸಮಾಂತರ ಮತ್ತು ಲಂಬ ಕಂಪನಗಳ ವ್ಯತ್ಯಾಸ ಒಟ್ಟು ಬೆಳಕಿನ (ಐ) ಎಷ್ಟು ಪಾಲು ಎಂಬುದು, ಸರಿಯಾದ ಆಕಾರದಲ್ಲೇ ಬರುತ್ತದೆ: ರೇಖೆಯ ಗರ್ಭದಲ್ಲಿ (ನಟ್ಟನಡುವೆ) ಚೂಪಾದ ಒಂದು ಶಿಖರ, ಎರಡೂ ರೆಕ್ಕೆಗಳಲ್ಲಿ (ರೇಖೆಯ ಅಕ್ಕಪಕ್ಕದ ಇಳಿಜಾರುಗಳಲ್ಲಿ) ಅಗಲವಾದ ಉಬ್ಬು. ತಕರಾರು ಇರುವುದು ಯು/ಐ, ಅಂದರೆ ಅಂಚಿಗೆ 45 ಡಿಗ್ರಿ ಓರೆಯಾದ ಕಂಪನಗಳ ವ್ಯತ್ಯಾಸದ ಬಗ್ಗೆ. ಕಾಂತಕ್ಷೇತ್ರ ಇಲ್ಲದಿದ್ದರೆ ಅದು ಸೊನ್ನೆಯಾಗಿರಬೇಕು. ಇಲ್ಲಿ ಅದು ರೋಹಿತದ ಉದ್ದಕ್ಕೂ ಶೇಕಡಾ ಒಂದರ ಸುಮಾರಿಗೆ ಎತ್ತರದಲ್ಲಿ ಕೂತಿದೆ, ಅದರ ಮೇಲೆ ಕ್ಯೂ/ಐ ಆಕಾರದ ಮಸುಕು ಪಡಿಯಚ್ಚಿದೆ, ಗರ್ಭದಲ್ಲಿ ಇನ್ನೊಂದು ಸಣ್ಣ ಉಬ್ಬಿದೆ. ಚದುರಿದ ಬೆಳಕಿನ ಧ್ರುವೀಕರಣವನ್ನು ಕಾಂತಕ್ಷೇತ್ರ ಬದಲಿಸುವುದಕ್ಕೆ ಹಾನ್ಲೆ ಪರಿಣಾಮ ಎನ್ನುತ್ತಾರೆ. ‘ಹಾನ್ಲೆ ಪರಿಣಾಮ ಸಿಕ್ಕಿತು, ಸೂರ್ಯನ ಕಾಂತಕ್ಷೇತ್ರ ಅಳೆದೆವು’ ಎಂದು ಪ್ರಾಜೆಕ್ಟ್ ವರದಿ ಬರೆಯಬಹುದೇ?

ಇದು ಮಾದರಿ ಪ್ರಕರಣ. ಇದನ್ನು ಯಾವುದೇ ಒಂದು ಕಾಲೇಜಿನ ದಾಖಲೆಯಿಂದ ಎತ್ತಿಕೊಂಡಿಲ್ಲ. ಉಪಕರಣದ ಅಂಕಿಗಳು ಲೆಕ್ಕದಿಂದ ಬಂದವು, ಯಾರು ಬೇಕಾದರೂ ಕೂತು ಮತ್ತೆ ಲೆಕ್ಕ ಹಾಕಿ ನೋಡಬಹುದು. ನಮ್ಮ ಉತ್ತರ: ಆ ಯು/ಐ ಸಂಕೇತದ ಬಹುಪಾಲು ಮಾಳಿಗೆಯಲ್ಲೇ ಹುಟ್ಟಿದ್ದು. ಸೂರ್ಯನದು ಎಷ್ಟು, ಕನ್ನಡಿಯದು ಎಷ್ಟು ಎಂದು ಬೇರ್ಪಡಿಸಲು ದುಬಾರಿ ಉಪಕರಣ ಬೇಕಿಲ್ಲ. ಯು ಮತ್ತು ಕ್ಯೂ ನಡುವಿನ ಸಂಬಂಧ ತರಂಗದೂರದ ಜೊತೆ ಹೇಗೆ ಬದಲಾಗುತ್ತದೆ ಎಂಬುದನ್ನು ತಾಳ್ಮೆಯಿಂದ ನೋಡಬೇಕು.

ಸೂರ್ಯನ ಅಂಚಿನಲ್ಲಿ ಏನಾಗುತ್ತದೆ

ಸೂರ್ಯನ ವಾತಾವರಣದಲ್ಲಿರುವ ಪರಮಾಣುವಿಗೆ ಬೆಳಕು ಎಲ್ಲ ದಿಕ್ಕಿನಿಂದ ಸಮನಾಗಿ ಬೀಳುವುದಿಲ್ಲ. ಕೆಳಗಿನಿಂದ ಹೆಚ್ಚು, ಪಕ್ಕದಿಂದ ಕಡಿಮೆ. ಈ ಅಸಮಾನತೆಯಿಂದಾಗಿ ಪರಮಾಣು ಚದುರಿಸುವ ಬೆಳಕು ಸ್ವಲ್ಪ ಧ್ರುವೀಕರಣಗೊಳ್ಳುತ್ತದೆ. ಬಿಂಬದ ನಡುವೆ ನೋಡಿದರೆ ಸಮಮಿತಿಯಿಂದಾಗಿ ಎಲ್ಲವೂ ರದ್ದಾಗುತ್ತದೆ, ಅಂಚಿನಲ್ಲಿ ಉಳಿಯುತ್ತದೆ. ಅಂಚಿಗೆ ಸಮಾಂತರವಾದ ಕಂಪನದಿಂದ ಲಂಬವಾದದ್ದನ್ನು ಕಳೆದರೆ ಕ್ಯೂ, ಅಂಚಿಗೆ 45 ಡಿಗ್ರಿ ಆಚೀಚೆಯ ಎರಡು ಕಂಪನಗಳ ವ್ಯತ್ಯಾಸವೇ ಯು. ಹೀಗೆ ಅಳೆದ ಧ್ರುವೀಕರಣದ ರೋಹಿತಕ್ಕೆ ‘ಎರಡನೆಯ ಸೌರ ರೋಹಿತ’ ಎಂಬ ಹೆಸರಿದೆ, ಏಕೆಂದರೆ ಅದು ಸಾಮಾನ್ಯ ರೋಹಿತವನ್ನು ಹೋಲುವುದೇ ಇಲ್ಲ. ಸಾಮಾನ್ಯ ರೋಹಿತದಲ್ಲಿ ಕಣ್ಣಿಗೆ ಬೀಳದ ಸಣ್ಣ ರೇಖೆ ಇಲ್ಲಿ ತಲೆಯೆತ್ತಿ ನಿಂತಿರುತ್ತದೆ, ದೊಡ್ಡ ರೇಖೆ ಸುಮ್ಮನಿರುತ್ತದೆ. ಸ್ವಿಟ್ಜರ್‌ಲೆಂಡಿನ ಸ್ಟೆನ್‌ಫ್ಲೊ ತಂಡದ ಝಿಂಪೋಲ್ ಎಂಬ ಉಪಕರಣ 1990ರ ದಶಕದಲ್ಲಿ ಇದನ್ನು ಲಕ್ಷದಲ್ಲಿ ಒಂದು ಪಾಲಿನ ಸೂಕ್ಷ್ಮತೆಗೆ ತಂದಿತು. ಗಾಂಡೋರ್ಫರ್ ಅದರ ಅಟ್ಲಾಸ್ ಪ್ರಕಟಿಸಿದರು. ಸಿದ್ಧಾಂತದ ಕಡೆಯಿಂದ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ ಕೆ.ಎನ್. ನಾಗೇಂದ್ರ ಮತ್ತು ಅವರ ಶಿಷ್ಯರು ಇದೇ 4227 ರೇಖೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ.

ಇನ್ನು ಕಾಂತಕ್ಷೇತ್ರ. ಬೆಳಕು ಹೀರಿದ ಕ್ಯಾಲ್ಸಿಯಂ ಪರಮಾಣು ಮೇಲಿನ ಮಟ್ಟದಲ್ಲಿ ಸರಾಸರಿ 4.6 ನ್ಯಾನೋಸೆಕೆಂಡು ಇರುತ್ತದೆ. ಆ ಅವಧಿಯಲ್ಲಿ ಕಾಂತಕ್ಷೇತ್ರವಿದ್ದರೆ ಪರಮಾಣುವಿನ ಆಂದೋಲನದ ದಿಕ್ಕು ವಾಲಿದ ಬುಗುರಿಯ ಅಕ್ಷದಂತೆ ಕ್ಷೇತ್ರದ ಸುತ್ತ ತಿರುಗುತ್ತದೆ. 25 ಗೌಸ್ ಕ್ಷೇತ್ರದಲ್ಲಿ ಒಂದು ಜೀವಿತಾವಧಿಯಲ್ಲಿ ಅದು ತಿರುಗುವುದು ಹತ್ತಿರ ಹತ್ತಿರ ಒಂದು ರೇಡಿಯನ್, ಅಂದರೆ 57 ಡಿಗ್ರಿ. ಹೀಗಾಗಿ ಹೊರಬರುವ ಬೆಳಕಿನ ಧ್ರುವೀಕರಣದ ತಲ ತಿರುಗುತ್ತದೆ, ಪ್ರಮಾಣವೂ ಇಳಿಯುತ್ತದೆ. ವಿಲ್ಹೆಲ್ಮ್ ಹಾನ್ಲೆ 1924ರಲ್ಲಿ ಗ್ಯೋಟಿಂಗೆನ್‌ನಲ್ಲಿ ಪಾದರಸದ ಆವಿಯ 2537 ಆಂಗ್‌ಸ್ಟ್ರಾಮ್ ರೇಖೆಯಲ್ಲಿ ಇದನ್ನು ವಿವರಿಸಿದರು. ಪಾದರಸದ ಆ ಮಟ್ಟದ ಜೀವಿತಾವಧಿ ಸುಮಾರು 120 ನ್ಯಾನೋಸೆಕೆಂಡು. ಅಷ್ಟು ದೀರ್ಘವಾದ್ದರಿಂದ ಒಂದು ಗೌಸ್‌ಗೂ ಕಡಿಮೆಯ ಕ್ಷೇತ್ರ ಸಾಕು, ಭೂಮಿಯ ಕಾಂತಕ್ಷೇತ್ರವೇ ಫಲಿತಾಂಶ ಕೆಡಿಸುತ್ತದೆ. ಅಮೆರಿಕದಲ್ಲಿ ವುಡ್ ಮತ್ತು ಎಲೆಟ್ ಇದೇ ಕಾಟ ಎದುರಿಸಿದ್ದರು: ಮೇಜಿನ ಮೇಲಿನ ಉಪಕರಣದ ದಿಕ್ಕು ಬದಲಿಸಿದರೆ ಧ್ರುವೀಕರಣವೂ ಬದಲಾಗುತ್ತಿತ್ತು.

ಇಲ್ಲಿ ಒಂದು ಲೆಕ್ಕ ಗಮನಿಸಬೇಕು. 25 ಗೌಸ್‌ಗೆ 4227ರಲ್ಲಿ ಝೀಮನ್ ಸೀಳು (ಕಾಂತಕ್ಷೇತ್ರದಲ್ಲಿ ರೇಖೆ ಒಡೆದು ಅಗಲುವುದು) ಸುಮಾರು 0.0002 ಆಂಗ್‌ಸ್ಟ್ರಾಮ್. ಅದು ಆ ಮಟ್ಟದ ಸಹಜ ಅಗಲಕ್ಕೆ ಸಮ. ಆದರೆ ಸೂರ್ಯನ ಅನಿಲದ ಚಲನೆಯಿಂದ ರೇಖೆ ಅಗಲವಾಗುವುದು 0.03 ಆಂಗ್‌ಸ್ಟ್ರಾಮ್‌ನ ಆಸುಪಾಸು, ನೂರು ಪಟ್ಟಿಗೂ ಹೆಚ್ಚು. ಝೀಮನ್ ವಿಧಾನಕ್ಕೆ ಇಂಥ ದುರ್ಬಲ ಕ್ಷೇತ್ರ ಕಷ್ಟ. ವಿರುದ್ಧ ದಿಕ್ಕಿನ ಕ್ಷೇತ್ರಗಳು ಒಂದೇ ಪಿಕ್ಸೆಲ್ಲಿನಲ್ಲಿ ಬೆರೆತಿದ್ದರೆ ಅವುಗಳ ವೃತ್ತೀಯ ಧ್ರುವೀಕರಣ ಒಂದನ್ನೊಂದು ರದ್ದುಮಾಡಿಬಿಡುತ್ತದೆ. ಹಾನ್ಲೆ ಪರಿಣಾಮದಲ್ಲಿ ತಲದ ತಿರುಗುವಿಕೆ ರದ್ದಾದರೂ ಪ್ರಮಾಣದ ಇಳಿಕೆ ರದ್ದಾಗುವುದಿಲ್ಲ.

ಇಡೀ ಪ್ರಕರಣದ ಕೀಲಿ ಇರುವುದು ಮುಂದಿನ ಸಂಗತಿಯಲ್ಲಿ. ಹಾನ್ಲೆ ಪರಿಣಾಮ ರೇಖೆಯ ಗರ್ಭಕ್ಕೆ ಸೀಮಿತ. ಗರ್ಭದಿಂದ 0.2 ಆಂಗ್‌ಸ್ಟ್ರಾಮ್ ಆಚೆ ಚದುರುವ ಫೋಟಾನು ಪರಮಾಣುವಿನೊಡನೆ ಇರುವುದು ಕೆಲವು ಪಿಕೋಸೆಕೆಂಡು ಮಾತ್ರ. ಅಷ್ಟರಲ್ಲಿ 25 ಗೌಸ್ ಕ್ಷೇತ್ರ ಅದನ್ನು ಒಂದು ಡಿಗ್ರಿಯಷ್ಟೂ ತಿರುಗಿಸಲಾರದು. ಆದ್ದರಿಂದ ರೆಕ್ಕೆಯಲ್ಲಿ ಕಂಡ ಯು/ಐ ಹಾನ್ಲೆಯದಲ್ಲ. ಬಹುಕಾಲ ಇಷ್ಟಕ್ಕೇ ಪಾಠ ಮುಗಿಯುತ್ತಿತ್ತು. ಈಗ ಒಂದು ತಿದ್ದುಪಡಿ ಸೇರಿದೆ: ರೆಕ್ಕೆಯ ಬೆಳಕು ಕಾಂತಕ್ಷೇತ್ರವಿರುವ ಅನಿಲದ ಮೂಲಕ ಸಾಗುವಾಗ ಮ್ಯಾಗ್ನೆಟೋ-ಆಪ್ಟಿಕ್ ಪರಿಣಾಮದಿಂದ ಅದರ ತಲ ದಾರಿಯಲ್ಲಿ ತಿರುಗಬಹುದು. ನೋಟದ ದಿಕ್ಕಿನಲ್ಲಿ ಹತ್ತಾರು ಗೌಸ್ ಕ್ಷೇತ್ರವಿದ್ದರೆ ಇದು ಕಾಣಿಸಿಕೊಳ್ಳುತ್ತದೆ. 4227ರ ರೆಕ್ಕೆಗಳ ಯು/ಐ ಬಗ್ಗೆ 2018ರಲ್ಲಿ ಬಂದ ಲೆಕ್ಕಗಳು ಇದನ್ನು ಸ್ಪಷ್ಟಪಡಿಸಿದವು. ಅಖಂಡ ರೋಹಿತಕ್ಕೆ, ಅಂದರೆ ರೇಖೆಯಿಂದ ದೂರದ ಭಾಗಕ್ಕೆ, ಇದು ತಲುಪುವುದಿಲ್ಲ.

ಉಪಕರಣ, ಅದರ ಅಳತೆ

ಸಂಗಮದೂರ 1000 ಮಿ.ಮೀ. ಆದ್ದರಿಂದ ಸೂರ್ಯಬಿಂಬ 9.3 ಮಿ.ಮೀ.; ಒಂದು ಕೋನ-ಸೆಕೆಂಡು (ಡಿಗ್ರಿಯ 3600ರಲ್ಲೊಂದು ಭಾಗ; ಮುಂದೆ ಬಿಂಬದ ಅಳತೆಯಲ್ಲಿ ‘ಸೆಕೆಂಡು’ ಎಂದರೆ ಇದೇ) 4.85 ಮೈಕ್ರಾನು. 10 ಮೈಕ್ರಾನ್ ಸ್ಲಿಟ್ ಅಂದರೆ ಎರಡು ಸೆಕೆಂಡು. ಅಂಚಿಗೆ ಎಷ್ಟು ಹತ್ತಿರ ಹೋಗಬೇಕು? ಇದನ್ನು ಹೇಳುವ ಅಳತೆ ಮ್ಯೂ: ಬಿಂಬದ ನಡುವೆ 1, ಅಂಚಿನಲ್ಲಿ 0. ಸಂಶೋಧನಾ ಪ್ರಬಂಧಗಳು ಸಾಮಾನ್ಯವಾಗಿ ಮ್ಯೂ 0.1 ಎನ್ನುತ್ತವೆ. ಅದು ಅಂಚಿನಿಂದ ಐದೇ ಸೆಕೆಂಡು ಒಳಗೆ. ಕಾಂಕ್ರೀಟ್ ಮಾಳಿಗೆಯ ಮೇಲೆ ಹಗಲಿನಲ್ಲಿ ಬಿಂಬ ಕುದಿಯುವುದೇ ಅಷ್ಟು, ಹೀಗಾಗಿ ಅದು ಇಲ್ಲಿ ಆಗದ ಮಾತು. ಮ್ಯೂ 0.2 ಅಂದರೆ 19 ಸೆಕೆಂಡು, ಸ್ಲಿಟ್ಟಿನ ಮೇಲೆ 94 ಮೈಕ್ರಾನು. ಅದನ್ನೇ ಇಟ್ಟುಕೊಳ್ಳಬೇಕು, ಸಂಕೇತ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ. ಸ್ಲಿಟ್ ನೇರ, ಅಂಚು ಬಾಗಿದ್ದು. 2 ಮಿ.ಮೀ. ಉದ್ದ ಬಳಸಿದರೆ ತುದಿ ಮತ್ತು ನಡುವಿನ ನಡುವೆ 22 ಸೆಕೆಂಡಿನ ವ್ಯತ್ಯಾಸ ಬಂದು ಒಂದೇ ಚಿತ್ರದಲ್ಲಿ ಹಲವು ಮ್ಯೂ ಕಲಸಿಹೋಗುತ್ತವೆ. ಬಳಸುವ ಉದ್ದವನ್ನು 0.5 ಮಿ.ಮೀ.ಗೆ, ಅಂದರೆ 100 ಸೆಕೆಂಡಿಗೆ, ಕತ್ತರಿಸಿದರೆ ವ್ಯತ್ಯಾಸ 1.3 ಸೆಕೆಂಡಿಗೆ ಇಳಿಯುತ್ತದೆ.

ಸ್ಪೆಕ್ಟ್ರೋಗ್ರಾಫ್‌ನಲ್ಲಿ ಮಿಲಿಮೀಟರಿಗೆ 1200 ಗೆರೆಯ, 50 ಮಿ.ಮೀ. ಅಗಲದ ಗ್ರೇಟಿಂಗ್ ಅನ್ನು ಎರಡನೆಯ ಕ್ರಮಾಂಕದಲ್ಲಿ (ಆರ್ಡರ್) ಬಳಸಲಾಗಿದೆ. ಒಂದು ಮೀಟರ್ ಸಂಗಮದೂರಕ್ಕೆ ಮೈಕ್ರಾನಿಗೆ 0.0036 ಆಂಗ್‌ಸ್ಟ್ರಾಮ್ ಬರುತ್ತದೆ. 10 ಮೈಕ್ರಾನ್ ಸ್ಲಿಟ್ ಮತ್ತು ಗ್ರೇಟಿಂಗಿನ ಮಿತಿ ಎರಡನ್ನೂ ಕೂಡಿಸಿದರೆ ವಿಭೇದನ (ಬೇರೆಯಾಗಿ ಕಾಣಬಲ್ಲ ಅತಿ ಸಣ್ಣ ಅಂತರ) ಸುಮಾರು 0.05 ಆಂಗ್‌ಸ್ಟ್ರಾಮ್. ಗರ್ಭದ ಶಿಖರವನ್ನು ರೆಕ್ಕೆಯಿಂದ ಬೇರೆಯಾಗಿ ಕಾಣಲು ಇದು ಬೇಕೇ ಬೇಕು. ಹವ್ಯಾಸಿಗಳು ಈಗ ಹೆಚ್ಚಾಗಿ ಕಟ್ಟುವ, 80 ಮತ್ತು 125 ಮಿ.ಮೀ. ಮಸೂರಗಳ ಪುಟ್ಟ ಸ್ಪೆಕ್ಟ್ರೋಗ್ರಾಫ್ ನೀಲಿಯಲ್ಲಿ 0.3 ಆಂಗ್‌ಸ್ಟ್ರಾಮ್‌ಗಿಂತ ಕೆಳಗೆ ಇಳಿಯುವುದಿಲ್ಲ. ಅದರಲ್ಲಿ ರೆಕ್ಕೆಯ ಉಬ್ಬು ಚೆನ್ನಾಗಿಯೇ ಬರುತ್ತದೆ. ಆದರೆ ಹಾನ್ಲೆಗೆ ಸ್ಪಂದಿಸುವ ಗರ್ಭ ರೆಕ್ಕೆಯೊಳಗೆ ಕರಗಿಹೋಗುತ್ತದೆ, ಅಂದರೆ ಹುಡುಕುತ್ತಿರುವುದನ್ನು ಬಿಟ್ಟು ಉಳಿದದ್ದೆಲ್ಲ ಕಾಣುತ್ತದೆ. ಎರಡನೆಯ ಕ್ರಮಾಂಕದ ಮೇಲೆ ಮೊದಲನೆಯ ಕ್ರಮಾಂಕದ 8454 ಆಂಗ್‌ಸ್ಟ್ರಾಮ್ ಅವಗೆಂಪು ಬಂದು ಕೂರುತ್ತದೆ. ಅದನ್ನು ತಡೆಯಲು 423 ನ್ಯಾನೋಮೀಟರ್ ಸುತ್ತಲಿನ 10 ನ್ಯಾನೋಮೀಟರ್ ಅಗಲದ ಇಂಟರ್‌ಫೆರೆನ್ಸ್ ಫಿಲ್ಟರ್ ಹಾಕಬೇಕು. ಬರಿ ನೀಲಿ ಗಾಜನ್ನು ನಂಬಬಾರದು, ಎಷ್ಟೋ ನೀಲಿ ಗಾಜುಗಳು ಅವಗೆಂಪನ್ನು ಬಿಟ್ಟುಕೊಡುತ್ತವೆ.

ಧ್ರುವೀಕರಣದ ಜೋಡಣೆ ಸ್ಲಿಟ್ಟಿಗಿಂತ ಮೊದಲು ಬರಬೇಕು: ಧ್ರುವೀಕರಣದ ದಿಕ್ಕನ್ನು ಬದಲಿಸುವ, ತಿರುಗುವ ಹಾಫ್‌ವೇವ್ ಪ್ಲೇಟ್, ಹಿಂದೆ ಬೆಳಕನ್ನು ಎರಡು ಕಿರಣವಾಗಿ ಒಡೆಯುವ ಸಾವಾರ್ ಪ್ಲೇಟ್. ಸಾವಾರ್ ಅಂದರೆ ಒಂದಕ್ಕೊಂದು ಅಡ್ಡಲಾಗಿ ಅಂಟಿಸಿದ ಎರಡು ಕ್ಯಾಲ್ಸೈಟ್ ತುಂಡು. 10 ಮಿ.ಮೀ. ದಪ್ಪದ ಎರಡು ತುಂಡಿಗೆ ಕಿರಣಗಳು ಸುಮಾರು 1.5 ಮಿ.ಮೀ. ಅಗಲುತ್ತವೆ, ಹೀಗಾಗಿ 0.5 ಮಿ.ಮೀ.ನ ಎರಡು ಚಿತ್ರಗಳು ಒಂದರ ಮೇಲೊಂದು ಬೀಳುವುದಿಲ್ಲ. ಒಂಟಿ ಕ್ಯಾಲ್ಸೈಟ್ ಬದಲು ಇದನ್ನೇ ಹಾಕಲು ಎರಡು ಕಾರಣ. ಮೊದಲನೆಯದು, ಎರಡೂ ಕಿರಣಗಳಿಗೆ ದಾರಿ ಸಮವಾಗಿ ಫೋಕಸ್ ಒಂದೇ ಆಗುತ್ತದೆ. ಎರಡನೆಯದು ಇನ್ನೂ ಮುಖ್ಯ: ಅಗಲಿಕೆಯನ್ನು ಸ್ಲಿಟ್ಟಿನ ಉದ್ದಕ್ಕೆ ಹೊಂದಿಸಿದಾಗ ಎರಡೂ ಕಿರಣಗಳ ಧ್ರುವೀಕರಣ ಸ್ಲಿಟ್ಟಿಗೆ 45 ಡಿಗ್ರಿ ಆಚೀಚೆ ಇರುತ್ತದೆ, ಗ್ರೇಟಿಂಗ್ ಎರಡನ್ನೂ ಸಮಾನವಾಗಿ ಕಾಣುತ್ತದೆ. ಗೆರೆಗೆ ಸಮಾಂತರ ಮತ್ತು ಲಂಬ ಬೆಳಕಿಗೆ ಗ್ರೇಟಿಂಗ್ ಕೊಡುವ ದಕ್ಷತೆ ಎಷ್ಟೋ ಬಾರಿ ಒಂದಕ್ಕೆ ಎರಡರಷ್ಟು ಬೇರೆಯಾಗಿರುತ್ತದೆ. ಆದರೆ ಈ ಜೋಡಣೆಯಲ್ಲಿ ಕ್ಯೂ ಅಳೆಯುವ ಸ್ಥಾನಗಳು 22.5 ಮತ್ತು 67.5 ಡಿಗ್ರಿ, ಯು ಅಳೆಯುವವು 0 ಮತ್ತು 45. ಪಠ್ಯಪುಸ್ತಕದ ಕ್ರಮಕ್ಕೆ ಇದು ಉಲ್ಟಾ. ಸಾಫ್ಟ್‌ವೇರಿನಲ್ಲಿ ಹಳೆಯ ಕ್ರಮವೇ ಉಳಿದರೆ ಕ್ಯೂ ಎಂಬುದೇ ಯು ಆಗಿ ಕೂತು, ‘ಭಾರೀ ಕಾಂತಕ್ಷೇತ್ರ’ ಸಿಗುತ್ತದೆ.

ಹಾಫ್‌ವೇವ್ ಪ್ಲೇಟ್ 422 ನ್ಯಾನೋಮೀಟರಿನದೇ ಆಗಬೇಕು. 550ರದ್ದು ಹಾಕಿದರೆ ಇಲ್ಲಿ ಅದರ ವಿಳಂಬ 180ರ ಬದಲು 235 ಡಿಗ್ರಿ ಆಗಿ ಸಂಕೇತದ ಐದರಲ್ಲೊಂದು ಪಾಲು ಕಳೆದುಹೋಗುತ್ತದೆ. ಮುಂದುಗಡೆ ಪೋಲರೈಸರ್ ಇಟ್ಟು ನೂರಕ್ಕೆ ನೂರು ಧ್ರುವೀಕರಿಸಿದ ಬೆಳಕಿಗೆ ಎಷ್ಟು ಬರುತ್ತದೆ ಎಂದು ನೋಡಿದರೆ ಈ ಮೋಸ ಕೂಡಲೇ ಸಿಕ್ಕಿಬೀಳುತ್ತದೆ.

ಬೆಳಕಿನ ಕೊರತೆ ಇಲ್ಲಿ ದೊಡ್ಡ ಸಮಸ್ಯೆಯಲ್ಲ. ಗದ್ದಲ (ಅಳತೆಯ ಅಡ್ಡಾದಿಡ್ಡಿ ಏರಿಳಿತ) ಶೇಕಡಾ 0.05ಕ್ಕೆ ಇಳಿಯಬೇಕಾದರೆ ನಲವತ್ತು ಲಕ್ಷ ಎಲೆಕ್ಟ್ರಾನ್ ಬೇಕು. ಅಖಂಡದಲ್ಲಿ ಪಿಕ್ಸೆಲ್ಲಿಗೆ 10,000 ಎಲೆಕ್ಟ್ರಾನ್ ತುಂಬುವಂತೆ 0.2 ಸೆಕೆಂಡಿನ ಆಸುಪಾಸು ಎಕ್ಸ್‌ಪೋಷರ್ ಕೊಟ್ಟು, ಗರ್ಭದಲ್ಲಿ ಅದರ ಶೇಕಡಾ 5 ಎಂದಿಟ್ಟುಕೊಂಡು, 100 ಸಾಲು ಕೂಡಿಸಿ, ಎರಡೂ ಕಿರಣ ಸೇರಿಸಿದರೆ ಒಂದು ಚಿತ್ರಕ್ಕೆ ಒಂದು ಲಕ್ಷ ಆಗುತ್ತದೆ. ಕ್ಯೂಗೆ 40 ಚಿತ್ರ, ಯುಗೆ 40. ಪ್ಲೇಟ್ ತಿರುಗಿಸುವ ಹೊತ್ತು ಸೇರಿ ಒಂದು ಸುತ್ತು 40 ಸೆಕೆಂಡಿನಲ್ಲಿ ಮುಗಿಯುತ್ತದೆ. ಆರು ಸುತ್ತು, ನಾಲ್ಕು ನಿಮಿಷ, ಗದ್ದಲ ಶೇಕಡಾ 0.02. ಹೀಗಾಗಿ ಫಲಿತಾಂಶ ಕೆಡಿಸುವುದು ಫೋಟಾನುಗಳ ಗದ್ದಲವಲ್ಲ, ವ್ಯವಸ್ಥೆಯೊಳಗಿನ ತಪ್ಪುಗಳು.

ಯು/ಐ ಸಂಕೇತದ ಪದರಗಳು

ಮೊದಲ ಪದರ, ರೋಹಿತದುದ್ದಕ್ಕೂ ಒಂದೇ ಎತ್ತರದಲ್ಲಿರುವ ಆ ಒಂದು ಶೇಕಡಾ. ಅಖಂಡದಲ್ಲೂ ಇದೆ, ರೆಕ್ಕೆಯಲ್ಲೂ ಇದೆ, ಗರ್ಭದಲ್ಲೂ ಇದೆ. ಸೂರ್ಯನ ಅಖಂಡ ಬೆಳಕಿನ ಧ್ರುವೀಕರಣ ಈ ತರಂಗದೂರದಲ್ಲಿ ಶೇಕಡಾ 0.1–0.2ರ ಮಟ್ಟದ್ದು, ಅದೂ ಕ್ಯೂನಲ್ಲಿ. ಯುನಲ್ಲಿ ಶೇಕಡಾ ಒಂದು ಬರಲು ಸೂರ್ಯನಲ್ಲಿ ಕಾರಣವೇ ಇಲ್ಲ. ಇದು ಕನ್ನಡಿಯ ಕೆಲಸ.

ವಿಜಯಪುರದ ಅಕ್ಷಾಂಶ 16.8 ಡಿಗ್ರಿ, ಧ್ರುವಾಕ್ಷ ನೆಲಕ್ಕೆ ಅಷ್ಟೇ ವಾಲಿರುತ್ತದೆ. ಆದ್ದರಿಂದ ಧ್ರುವಾಕ್ಷದ ಗುಂಟ ದಕ್ಷಿಣಕ್ಕೆ ಬೆಳಕು ಕಳಿಸುವ ಒಂಟಿ ಕನ್ನಡಿಯ ಹೀಲಿಯೋಸ್ಟಾಟ್ ಇಲ್ಲಿ ತುಂಬ ಅನುಕೂಲ: ಕಿರಣ ಬಹುತೇಕ ಅಡ್ಡಲಾಗಿಯೇ ಕೋಣೆ ಸೇರುತ್ತದೆ. ಈ ಜೋಡಣೆಯಲ್ಲಿ ಕನ್ನಡಿಯ ಮೇಲೆ ಬೆಳಕು ಬೀಳುವ ಕೋನ ದಿನವಿಡೀ ಒಂದೇ. ಸೂರ್ಯನ ಡೆಕ್ಲಿನೇಶನ್‌ಗೆ (ಆಕಾಶದ ಸಮಭಾಜಕದಿಂದ ಉತ್ತರಕ್ಕಿರುವ ಕೋನ; ದಕ್ಷಿಣಕ್ಕಿದ್ದರೆ ಋಣ) 90 ಕೂಡಿಸಿ ಅರ್ಧ ಮಾಡಿದರೆ ಸಾಕು. ಮಾರ್ಚ್ ವಿಷುವದಲ್ಲಿ 45 ಡಿಗ್ರಿ, ಜನವರಿ ಮೂರನೇ ವಾರದಲ್ಲಿ 35. ಹೊಸ ಅಲ್ಯುಮಿನಿಯಂ ಲೇಪಕ್ಕೆ 45 ಡಿಗ್ರಿಯಲ್ಲಿ ಈ ತರಂಗದೂರದಲ್ಲಿ ಕೃತಕ ಧ್ರುವೀಕರಣ ಸುಮಾರು ಶೇಕಡಾ 3, 35ರಲ್ಲಿ ಸುಮಾರು 1.8. ಸೂರ್ಯನ ಸಂಕೇತವೇ ಶೇಕಡಾ ಎರಡರ ಮಟ್ಟದ್ದು! ಸ್ಲಿಟ್ ಇಟ್ಟ ಅಂಚು ಕನ್ನಡಿಯ ತಲಕ್ಕೆ ಯಾವ ಕೋನದಲ್ಲಿದೆ ಎಂಬುದರ ಮೇಲೆ ಇದು ಕ್ಯೂ ಮತ್ತು ಯು ನಡುವೆ ಹಂಚಿಹೋಗುತ್ತದೆ.

ಸಮಾಧಾನದ ಸಂಗತಿಯೆಂದರೆ, ಈ ಜೋಡಣೆಯಲ್ಲಿ ಕನ್ನಡಿಯ ತಲವೂ ಸೂರ್ಯನ ಚಿತ್ರವೂ ಒಟ್ಟಿಗೇ ತಿರುಗುತ್ತವೆ, ಸೂರ್ಯನ ಲೆಕ್ಕದಲ್ಲಿ ಕನ್ನಡಿಯ ಕೊಡುಗೆ ದಿನವಿಡೀ ಸ್ಥಿರ. ಹೀಗಾಗಿ ಅಂಚಿನ ಪ್ರತಿ ಅಳತೆಯ ಹಿಂದೆ ಮುಂದೆ ಬಿಂಬದ ನಡುವೆ ಅಷ್ಟೇ ಹೊತ್ತು ಅಳೆದು, ಎರಡನ್ನೂ ಸೂರ್ಯನ ದಿಕ್ಕುಗಳಿಗೆ ತಿರುಗಿಸಿಕೊಂಡು, ಅಖಂಡದ ಮೌಲ್ಯವನ್ನು ಕಳೆದರೆ ಈ ಪದರ ಹೋಗುತ್ತದೆ. ನಡುವಿನ ಅಳತೆಯಲ್ಲೂ ರೇಖೆಯ ಗರ್ಭವನ್ನು ಸೊನ್ನೆಯೆಂದು ನಂಬಬಾರದು: ಅಡ್ಡಲಾಗಿ ವಾಲಿದ ಕ್ಷೇತ್ರವಿದ್ದರೆ ನೇರ ಮುಂದಕ್ಕೆ ಚದುರುವ ಬೆಳಕಿನಲ್ಲೂ ಹಾನ್ಲೆ ಪರಿಣಾಮ ಧ್ರುವೀಕರಣ ಹುಟ್ಟಿಸುತ್ತದೆ. ಸೊನ್ನೆಗೆ ಅಖಂಡವೇ ಆಧಾರ. ಕಳೆಯಲಾಗದ್ದು ಒಂದಿದೆ. ಕನ್ನಡಿ ಯು ಮತ್ತು ವೃತ್ತೀಯ ಧ್ರುವೀಕರಣವನ್ನು ಒಂದಕ್ಕೊಂದು ಬೆರೆಸುತ್ತದೆ, 45 ಡಿಗ್ರಿಯಲ್ಲಿ ವಿಳಂಬ ಸುಮಾರು 15 ಡಿಗ್ರಿ, 35ರಲ್ಲಿ 9. ಝೀಮನ್ ಸಂಕೇತವಿರುವ ಸಕ್ರಿಯ ಪ್ರದೇಶದ ಹತ್ತಿರ ಇದು ಗರ್ಭದ ಎರಡೂ ಬದಿಗೆ ವಿರುದ್ಧ ಚಿಹ್ನೆಯ ಸುಳ್ಳು ಯು ಹುಟ್ಟಿಸುತ್ತದೆ. ಸೂರ್ಯನನ್ನು ಗಮನಿಸುವ ನಾಸಾದ ಎಸ್‌ಡಿಒ ಉಪಗ್ರಹದ ಅಂದಿನ ಕಾಂತನಕ್ಷೆ ಉಚಿತವಾಗಿ ಸಿಗುತ್ತದೆ, ಅದನ್ನು ನೋಡಿ ಅಂಚಿನ ಶಾಂತ ಭಾಗ ಆರಿಸಿಕೊಳ್ಳುವುದೇ ಅಗ್ಗದ ಪರಿಹಾರ.

ಗಟ್ಟಿ ಪರಿಹಾರವೂ ಇದೆ. ಹಾಫ್‌ವೇವ್ ಪ್ಲೇಟನ್ನು ಕನ್ನಡಿಗಿಂತ ಮುಂದೆ, ಸೂರ್ಯನಿಗೆ ಎದುರಾಗಿ ಇಟ್ಟರೆ ಕನ್ನಡಿಯ ಧ್ರುವೀಕರಣ ಪ್ಲೇಟಿನ ಜೊತೆ ಬದಲಾಗದೆ ತಾನಾಗಿ ಹೊರಗುಳಿಯುತ್ತದೆ. ಅದಕ್ಕೆ 50 ಮಿ.ಮೀ. ಪ್ಲೇಟ್ ಬೇಕು, ಪಾಲಿಮರ್ ಹಾಳೆಯದು ಸಿಗುತ್ತದೆ. ಖರ್ಚು ಉಳಿಸಲು ಮಸೂರವನ್ನು 25 ಮಿ.ಮೀ.ಗೆ ಮುಚ್ಚುವ ಆಸೆ ಬರಬಹುದು. ಆಗ ಬೆಳಕು ಕಾಲು ಭಾಗವಾಗುವುದಲ್ಲದೆ ವಿವರ್ತನೆಯ ಮಿತಿಯೇ 4 ಸೆಕೆಂಡಿಗೆ ಹೋಗಿ ಅಂಚು ಮಸುಕಾಗುತ್ತದೆ. ಪ್ಲೇಟಿನ ತಿರುಗು ಚೌಕಟ್ಟನ್ನು ಬೆಳಗಾವಿಯ ಉದ್ಯಮಬಾಗದಂಥ ಕಡೆಯ ಲೇತ್ ಅಂಗಡಿಯಲ್ಲಿ ಮಾಡಿಸಬಹುದು. ಆದರೆ 22.5 ಡಿಗ್ರಿಯ ನಿಲುಗಡೆಗಳು ಅರ್ಧ ಡಿಗ್ರಿಯೊಳಗೆ ಇರಬೇಕೆಂದು ಮೊದಲೇ ಬರೆದುಕೊಡಿ. ಏಕೆಂದು ಮುಂದಿನ ಪದರ ಹೇಳುತ್ತದೆ.

ಎರಡನೆಯ ಪದರ ಕ್ಯೂ ಆಕಾರದ ಪಡಿಯಚ್ಚು. ಅಳತೆಯ ದಿಕ್ಕು ಅಂಚಿನಿಂದ 3 ಡಿಗ್ರಿ ತಪ್ಪಿದರೆ ಕ್ಯೂನ ಹತ್ತರಲ್ಲೊಂದು ಪಾಲು ಯುಗೆ ಸೋರುತ್ತದೆ. ಕ್ಯೂ ಶೇಕಡಾ 2 ಇದ್ದಲ್ಲಿ ಯು 0.2. ಹಾಫ್‌ವೇವ್ ಪ್ಲೇಟ್ ತಾನು ತಿರುಗಿದ್ದರ ಎರಡರಷ್ಟು ಬೆಳಕನ್ನು ತಿರುಗಿಸುವುದರಿಂದ ಪ್ಲೇಟಿನ ಒಂದೂವರೆ ಡಿಗ್ರಿ ತಪ್ಪು ಸಾಕು. ಇನ್ನೂ ಕಪಟದ ಕಾರಣ ಹೀಲಿಯೋಸ್ಟಾಟಿನದೇ: ಕೋಣೆಯಲ್ಲಿ ಸೂರ್ಯಬಿಂಬ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಬೆಳಿಗ್ಗೆ ಸ್ಲಿಟ್ಟನ್ನು ಅಂಚಿಗೆ ಕರಾರುವಾಕ್ಕಾಗಿ ಹೊಂದಿಸಿ ಚಹಾ ಕುಡಿದು ಬರುವ ಹನ್ನೆರಡು ನಿಮಿಷದಲ್ಲೇ ಆ 3 ಡಿಗ್ರಿ ಆಗಿಬಿಟ್ಟಿರುತ್ತದೆ. ಜೊತೆಗೆ ಸ್ಲಿಟ್ಟಿನ ಕೆಳಗಿನ ಜಾಗವೂ ಅಂಚಿನ ಗುಂಟ 50 ಸೆಕೆಂಡು ಸರಿದಿರುತ್ತದೆ. ಸುತ್ತುಗಳನ್ನು ನಾಲ್ಕು ನಿಮಿಷಕ್ಕೆ ನಿಲ್ಲಿಸುವುದು ಇದಕ್ಕೇ. ಆಗ ತಿರುಗುವುದು ಒಂದು ಡಿಗ್ರಿ, ಸೋರಿಕೆ ಹೆಚ್ಚೆಂದರೆ ಕ್ಯೂನ ಶೇಕಡಾ 3.5. ಮತ್ತೆ ಹೊಂದಿಸಿ ಮುಂದಿನ ನಾಲ್ಕು ನಿಮಿಷ.

ಈ ಸೋರಿಕೆಯನ್ನು ಗುರುತಿಸುವ ಲಕ್ಷಣ ಒಂದೇ: ಕನ್ನಡಿಯ ಪದರ ಕಳೆದ ಮೇಲೆ ಯುವನ್ನು ಕ್ಯೂನಿಂದ ಭಾಗಿಸಿ ತರಂಗದೂರದ ಎದುರು ಗೆರೆ ಎಳೆದರೆ ಅದು ಸಪಾಟಾಗಿರುತ್ತದೆ. ಗರ್ಭಕ್ಕೂ ನೀಲಿ ರೆಕ್ಕೆಗೂ ಕೆಂಪು ರೆಕ್ಕೆಗೂ ಒಂದೇ ಅನುಪಾತ. ಸೂರ್ಯನ ಯಾವ ಕಾಂತಪರಿಣಾಮವೂ ಹೀಗೆ ಮಾಡುವುದಿಲ್ಲ. ಕೆಂಪು ರೆಕ್ಕೆಯಲ್ಲಿ 4227.4ರ ಹತ್ತಿರ ಕಬ್ಬಿಣದ ರೇಖೆಯಿದ್ದು ಕ್ಯೂ/ಐ ಅಲ್ಲಿ ತಗ್ಗುತ್ತದೆ. ಯು/ಐ ಅದೇ ಜಾಗದಲ್ಲಿ ಅದೇ ಪ್ರಮಾಣದಲ್ಲಿ ತಗ್ಗಿದ್ದರೆ ಸೋರಿಕೆಯ ಬಗ್ಗೆ ಅನುಮಾನ ಉಳಿಯುವುದಿಲ್ಲ. ಆ ಸಪಾಟು ಅನುಪಾತವನ್ನೇ ಕೋನವಾಗಿ ಓದಿ, ಕ್ಯೂ-ಯು ತಲವನ್ನು ಅಷ್ಟು ಹಿಂದಕ್ಕೆ ತಿರುಗಿಸಿದರೆ ಪಡಿಯಚ್ಚು ಮಾಯವಾಗಬೇಕು.

ರೆಕ್ಕೆಗಳಲ್ಲಿ ಯು ಉಳಿದು ಅಖಂಡದ ಕಡೆಗೆ ಹೋದಂತೆ ಸೊನ್ನೆಗೆ ಇಳಿಯುತ್ತಿದ್ದರೆ, ಅನುಪಾತವೂ ಗರ್ಭದಿಂದ ದೂರ ಸರಿದಂತೆ ಬದಲಾಗುತ್ತಿದ್ದರೆ, ಆಗ ಮ್ಯಾಗ್ನೆಟೋ-ಆಪ್ಟಿಕ್ ಪರಿಣಾಮವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಆಗಲೂ ಒಂದು ಸುಳ್ಳು ಆಕಾರದ ಬಗ್ಗೆ ಎಚ್ಚರ ಬೇಕು. ಎರಡು ಎಕ್ಸ್‌ಪೋಷರುಗಳ ನಡುವೆ ರೋಹಿತ ಒಂದಿಷ್ಟು ಸರಿದರೆ ರೇಖೆಯ ಇಳಿಜಾರಿನ ಆಕಾರ, ಅಂದರೆ ಒಂದು ಬದಿಗೆ ಧನ ಮತ್ತೊಂದು ಬದಿಗೆ ಋಣ, ಹುಟ್ಟುತ್ತದೆ. ಎರಡೂ ಕಿರಣಗಳ ಅನುಪಾತಗಳ ಅನುಪಾತ ತೆಗೆಯುವ ಲೆಕ್ಕದಲ್ಲಿ ಇದು ಬಹುಮಟ್ಟಿಗೆ ರದ್ದಾಗುತ್ತದೆ, ಒಂಟಿ ಕಿರಣದ ಅಳತೆಯಲ್ಲಿ ಆಗುವುದಿಲ್ಲ. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಕಬ್ಬಿಣದ ಚೌಕಟ್ಟು ಒಂದು ಡಿಗ್ರಿಗೆ ಮೀಟರಿಗೆ 12 ಮೈಕ್ರಾನ್, ಅಲ್ಯುಮಿನಿಯಂ 23 ಮೈಕ್ರಾನ್ ಹಿಗ್ಗುತ್ತದೆ. ಇಲ್ಲಿ 10 ಮೈಕ್ರಾನ್ ಎಂದರೆ 0.036 ಆಂಗ್‌ಸ್ಟ್ರಾಮ್ ಎಂಬುದು ನೆನಪಿರಲಿ.

ಗರ್ಭದಲ್ಲಿ ಉಳಿದದ್ದು

ಈ ಪದರಗಳೆಲ್ಲ ಹೋದ ಮೇಲೆ ಗರ್ಭದ 0.1 ಆಂಗ್‌ಸ್ಟ್ರಾಮ್ ಅಗಲದಲ್ಲಿ ಮಾತ್ರ ಯು/ಐ ಉಳಿದು, ಅಲ್ಲೇ ಕ್ಯೂ/ಐ ಕುಗ್ಗಿದ್ದರೆ ಅದನ್ನು ಹಾನ್ಲೆ ಎಂದು ಓದಲು ಶುರುಮಾಡಬಹುದು. ಸರಳ ಲೆಕ್ಕ ಹೀಗೆ. ಕ್ಷೇತ್ರ ನೋಟದ ದಿಕ್ಕಿನಲ್ಲಿದ್ದು 90 ಡಿಗ್ರಿ ಚದುರಿಕೆಯಾದರೆ, 12.5 ಗೌಸ್‌ಗೆ ಧ್ರುವೀಕರಣದ ತಲ 22.5 ಡಿಗ್ರಿ ತಿರುಗಿ ಪ್ರಮಾಣ 0.71 ಪಟ್ಟಾಗುತ್ತದೆ, 25 ಗೌಸ್‌ಗೆ ತಿರುಗುವುದು 32 ಡಿಗ್ರಿ, ಪ್ರಮಾಣ 0.45. ಕ್ಷೇತ್ರ ಎಲ್ಲ ದಿಕ್ಕಿಗೂ ಚೆಲ್ಲಾಪಿಲ್ಲಿಯಾಗಿದ್ದರೆ ಯು ಬರುವುದಿಲ್ಲ, ಕ್ಯೂ ಮಾತ್ರ ಇಳಿಯುತ್ತದೆ: 12.5 ಗೌಸ್‌ಗೆ 0.72, 25ಕ್ಕೆ 0.48, 50ಕ್ಕೆ 0.30, 125ಕ್ಕೆ 0.22. ಅಲ್ಲಿಂದಾಚೆ ಕ್ಷೇತ್ರ ಎಷ್ಟೇ ಏರಿದರೂ ಐದರಲ್ಲೊಂದು ಪಾಲಿಗೆ ನಿಂತುಬಿಡುತ್ತದೆ. ನೆಟ್ಟಗೆ ಮೇಲಕ್ಕೆ ನಿಂತ ಕ್ಷೇತ್ರಕ್ಕೆ ಹಾನ್ಲೆ ಪರಿಣಾಮವೇ ಇಲ್ಲ, ಏಕೆಂದರೆ ಬೀಳುವ ಬೆಳಕಿನ ಸಮಮಿತಿಯ ಅಕ್ಷವೂ ಅದೇ. ‘ಇಲ್ಲಿ ಕಾಂತಕ್ಷೇತ್ರ ಇಲ್ಲ’ ಎಂದು ಬರೆಯುವ ಮುನ್ನ ಇದನ್ನು ನೆನೆಯಬೇಕು.

ಕ್ಯೂ ಇಳಿಕೆಯನ್ನು ಮಾತ್ರ ಹಿಡಿದು ಗೌಸ್ ಹೇಳುವುದು ಇನ್ನೂ ಅಪಾಯದ ಕೆಲಸ. ಗರ್ಭದ ಹೊಳಪು ಅಖಂಡದ ಶೇಕಡಾ 5 ಎಂದುಕೊಂಡೆವಲ್ಲ. ಸ್ಪೆಕ್ಟ್ರೋಗ್ರಾಫ್ ಪೆಟ್ಟಿಗೆಯೊಳಗೆ ಅಲೆದಾಡುವ ಬೆಳಕು ಅಖಂಡದ ಶೇಕಡಾ 2ರಷ್ಟು ಅಲ್ಲಿ ಬಿದ್ದರೆ ಕ್ಯೂ/ಐ ಏಳರಲ್ಲಿ ಐದು ಪಾಲಾಗುತ್ತದೆ, ಅಂದರೆ 0.71. ಪ್ಲೈವುಡ್ ಪೆಟ್ಟಿಗೆಗೆ ಕಪ್ಪು ಬಣ್ಣ ಸರಿಯಾಗಿ ಹಚ್ಚದ್ದಕ್ಕೆ 12 ಗೌಸ್ ಕ್ಷೇತ್ರ ‘ಸಿಕ್ಕ’ ಹಾಗೆ! ಕ್ಯಾಮೆರಾದ ಸೊನ್ನೆಮಟ್ಟ ತಪ್ಪಿದರೂ ಇದೇ ಗತಿ. ಗರ್ಭದ ಆಳವನ್ನು ಪ್ರಕಟಿತ ಅಟ್ಲಾಸಿನ ಆಳದೊಡನೆ, ಅದನ್ನು ನಮ್ಮ ವಿಭೇದನಕ್ಕೆ ಮಸುಕು ಮಾಡಿಕೊಂಡು, ಹೋಲಿಸಿದರೆ ಅಲೆಮಾರಿ ಬೆಳಕು ಎಷ್ಟೆಂದು ಗೊತ್ತಾಗುತ್ತದೆ. ಗ್ರೇಟಿಂಗ್ ಸುತ್ತ ಎರಡು ಮೂರು ಕಪ್ಪು ಅಡ್ಡಪಟ್ಟಿ, ಸೊನ್ನೆ ಕ್ರಮಾಂಕದ ಬೆಳಕು ಬೀಳುವಲ್ಲಿ ಕಪ್ಪು ಮಖಮಲ್ಲು ಹಾಕಿದರೆ ಬಹುಪಾಲು ಕಡಿಮೆಯಾಗುತ್ತದೆ. ಹೊರಗಿನ ದೂಳೂ ಇದೇ ಕೆಲಸ ಮಾಡುತ್ತದೆ: ಬಿಂಬದ ಪ್ರಖರ ಭಾಗದ ಬೆಳಕನ್ನು ಅಂಚಿನ ಮೇಲೆ ಚೆಲ್ಲುತ್ತದೆ. ಎರೆ ಹೊಲಗಳಲ್ಲಿ ಹಿಂಗಾರಿ ಜೋಳದ ರಾಶಿ ನಡೆಯುವ ದಿನಗಳಲ್ಲಿ ಆಕಾಶ ನೀಲಿಯಾಗಿ ಕಂಡರೂ ಸೂರ್ಯನ ಸುತ್ತ ಬಿಳಿ ಪ್ರಭೆ ದಟ್ಟವಾಗಿರುತ್ತದೆ. ಹೆಬ್ಬೆರಳಿನಿಂದ ಬಿಂಬವನ್ನು ಮರೆಮಾಡಿ ಸುತ್ತಲಿನ ಆಕಾಶ ನೋಡಿದರೆ ಆ ದಿನ ಕೆಲಸಕ್ಕೆ ಬರುತ್ತದೋ ಇಲ್ಲವೋ ತಿಳಿಯುತ್ತದೆ, ಆದರೆ ಬಿಂಬದ ಅಂಚೂ ಬೆರಳಿನಾಚೆ ಇಣುಕಬಾರದು. ಮಳೆ ತೊಳೆದುಹೋದ ಅಕ್ಟೋಬರ್ ಕೊನೆ, ನವೆಂಬರ್ ಚೆನ್ನ. ಹೊತ್ತು ಬೆಳಿಗ್ಗೆಯದೇ. ಸೂರ್ಯ 30 ಡಿಗ್ರಿ ಏರುವವರೆಗೆ ಗಾಳಿಯ ದಪ್ಪ ಎರಡು ಪಟ್ಟಿಗೂ ಹೆಚ್ಚು, ತುಸು ಹೊತ್ತು ಕಳೆದರೆ ಕಾಂಕ್ರೀಟ್ ಕಾದು ಬಿಂಬ ಕುದಿಯುತ್ತದೆ. ಸಿಗುವ ಒಂದು ಗಂಟೆಯ ಕಿಟಕಿಯಲ್ಲೇ ಎಲ್ಲ ಸುತ್ತುಗಳೂ ಮುಗಿಯಬೇಕು. ಮಾಳಿಗೆಗೆ ಸುಣ್ಣ ಹೊಡೆಸಿದ್ದರೆ ಕಿಟಕಿ ಸ್ವಲ್ಪ ಉದ್ದವಾಗುತ್ತದೆ.

ಕ್ಷೇತ್ರವಿಲ್ಲದಿದ್ದಾಗ ಗರ್ಭದ ಕ್ಯೂ/ಐ ಎಷ್ಟಿರಬೇಕಿತ್ತು ಎಂಬುದು ಅಳತೆಯಿಂದ ಸಿಗುವುದಿಲ್ಲ, ವಾತಾವರಣದ ಮಾದರಿಯಿಂದ ಲೆಕ್ಕ ಹಾಕಬೇಕು. ಕಾಲೇಜು ಮಟ್ಟದಲ್ಲಿ ಅದನ್ನು ಬಿಟ್ಟು ಹೋಲಿಕೆಯ ದಾರಿ ಹಿಡಿಯುವುದು ಮೇಲು. ಅದೇ ಬೆಳಿಗ್ಗೆ, ಅದೇ ಮ್ಯೂನಲ್ಲಿ, ಅಂಚಿನ ನಾಲ್ಕಾರು ಜಾಗ ತೆಗೆದುಕೊಂಡು, ಪ್ರತಿಯೊಂದರಲ್ಲೂ ಗರ್ಭದ ಕ್ಯೂ/ಐ ಮೌಲ್ಯವನ್ನು ನೀಲಿ ರೆಕ್ಕೆಯ ಶಿಖರದಿಂದ ಭಾಗಿಸಬೇಕು. ಮ್ಯೂ ಹೊಂದಿಸುವಾಗ ಆದ ಸಣ್ಣ ತಪ್ಪು, ಪ್ಲೇಟಿನ ದಕ್ಷತೆಯ ಕೊರತೆ ಇವೆಲ್ಲ ಎರಡರ ಮೇಲೂ ಹೆಚ್ಚುಕಡಿಮೆ ಸಮನಾಗಿ ಬೀಳುವುದರಿಂದ ಭಾಗಾಕಾರದಲ್ಲಿ ಬಹುಪಾಲು ಹೋಗುತ್ತವೆ. ಅಲೆಮಾರಿ ಬೆಳಕು ಮಾತ್ರ ಹೋಗುವುದಿಲ್ಲ, ಅದನ್ನು ಮೊದಲೇ ಕಳೆದಿರಬೇಕು. ಒಂದು ಜಾಗದಿಂದ ಇನ್ನೊಂದಕ್ಕೆ ಈ ಅನುಪಾತ ಬದಲಾಗಿ, ಬದಲಾದ ಕಡೆಯಲ್ಲೇ ಗರ್ಭದ ಯು/ಐ ಕೂಡ ಗದ್ದಲದ ಐದು ಪಟ್ಟು, ಅಂದರೆ ಶೇಕಡಾ 0.1, ದಾಟಿದ್ದರೆ ವರದಿಯಲ್ಲಿ ಬರೆಯಬಹುದಾದ್ದು ಇಷ್ಟು: ಈ ಎರಡು ಜಾಗಗಳ ನಡುವೆ ವಾಲಿದ ಕ್ಷೇತ್ರದಲ್ಲಿ ವ್ಯತ್ಯಾಸವಿದೆ, ಅದರ ಮಟ್ಟ ಕೆಲವು ಗೌಸ್‌ನಿಂದ ನೂರು ಗೌಸ್ ಒಳಗಿನದು. ದಿಕ್ಕನ್ನು ಹೇಳುವಂತಿಲ್ಲ, ಏಕೆಂದರೆ ಬೇರೆ ಬೇರೆ ದಿಕ್ಕಿನ, ಬೇರೆ ಬೇರೆ ಬಲದ ಕ್ಷೇತ್ರಗಳು ಒಂದೇ ಜೋಡಿ ಕ್ಯೂ ಮತ್ತು ಯು ಕೊಡಬಲ್ಲವು. ಒಂದೇ ರೇಖೆಯಿಂದ ಆ ಗಂಟು ಬಿಚ್ಚುವುದಿಲ್ಲ. ಅದಕ್ಕೆ ಬೇರೆ ಸೂಕ್ಷ್ಮತೆಯ ಇನ್ನೊಂದು ರೇಖೆ ಬೇಕು. ಸ್ಟ್ರಾನ್ಶಿಯಂನ 4607 ಎಲ್ಲರ ಬಾಯಲ್ಲಿರುವ ಹೆಸರು, ಆದರೆ ಅದರ ಹಾನ್ಲೆ ಕ್ಷೇತ್ರ 23 ಗೌಸ್, ಕ್ಯಾಲ್ಸಿಯಂನದಕ್ಕೆ ಬಹುತೇಕ ಸಮ. ಅದು ಹುಟ್ಟುವುದು ಇನ್ನೂ ಕೆಳಗಿನ ಪದರದಲ್ಲಿ, ಅಲ್ಲಿ ಪರಮಾಣುಗಳ ಡಿಕ್ಕಿಗಳೂ ಧ್ರುವೀಕರಣವನ್ನು ಅಳಿಸುತ್ತವೆ, ರೇಖೆಯೂ ತೆಳ್ಳಗೆ. ಈ ಮಾಳಿಗೆಯ ಉಪಕರಣಕ್ಕೆ ಅದು ಮುಂದಿನ ವರ್ಷದ ಮಾತು.